ಬೂದಿ ಇದೆ, ಬೆಂಕಿ ಯಾರದ್ದು?

ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಳೆದ ತಿಂಗಳು ಒಂದು ಪ್ರಶ್ನೆ ಕೇಳಿದಳು. ಅವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ, ಅದಕ್ಕೇ ಬರೆಯಲು ಕೂತೆ.

ಬಳ್ಳಾರಿಯಿಂದ ಹೊಸಪೇಟೆ ಕಡೆ ಬಸ್ಸಿನಲ್ಲಿ ಹೋದವರಿಗೆ ಕುಡತಿನಿ ಗೊತ್ತಿರುತ್ತದೆ. ಥರ್ಮಲ್ ಪವರ್ ಸ್ಟೇಷನ್ನಿನ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಅದೇ ಊರಿನ ಹತ್ತಿರ ಬೂದಿಯ ಒಂದು ದೊಡ್ಡ ದಿಬ್ಬ ಇದೆ. ಪಾಠದ ನಡುವೆ ನಾನು ಸುಮ್ನೆ ಅದರ ಹೆಸರು ತೆಗೆದೆ. ಅವಳು ಎದ್ದು ನಿಂತು, "ಸರ್, ಅದು ಥರ್ಮಲ್‌ದೇ ಬೂದಿ ಅಲ್ವಾ? ಕಲ್ಲಿದ್ದಲು ಸುಟ್ರ ಬೂದಿ ಬರತೈತಿ. ಪಕ್ಕದಾಗೇ ಬೂದಿ ಐತಿ" ಅಂದಳು.

ಒಂದಿಬ್ಬರು ನಕ್ಕರು. ನಾನು ನಗಬೇಡಿ ಅಂದೆ. ಯಾಕೆಂದರೆ ಅವಳು ಮಾಡಿದ್ದು ಸರಿಯಾದ ಕೆಲಸ. ಕಣ್ಣಿಗೆ ಕಂಡದ್ದಕ್ಕೆ ಒಂದು ಕಾರಣ ಊಹಿಸಿದಳು, ಆ ಊಹೆಗೆ ಆಧಾರವನ್ನೂ ಕೊಟ್ಟಳು. ವಿಜ್ಞಾನ ಶುರುವಾಗುವುದೇ ಇಲ್ಲಿಂದ. ಆದರೆ ನಮ್ಮಲ್ಲಿ ಬಹಳ ಜನ ಇಲ್ಲಿಗೇ ನಿಂತುಬಿಡುತ್ತೇವೆ. ಊಹೆ ಹೊಂದಿಕೊಂಡಿತು, ಮನಸ್ಸಿಗೆ ಸಮಾಧಾನ ಆಯಿತು, ಮುಗೀತು. ನಾನು ಬೋರ್ಡಿನ ಮೇಲೆ ಒಂದೇ ಸಾಲು ಬರೆದೆ: "ಹಾಗಿದ್ದರೆ ಮತ್ತೇನಿರಬೇಕು?"

ಇದು ಥರ್ಮಲ್ ಬೂದಿಯೇ ಆಗಿದ್ದರೆ ಮತ್ತೇನೇನು ನಿಜ ಇರಬೇಕು? ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಹಿಂದಿನ ಬೆಂಚಿನ ಹುಡುಗ, "ಥರ್ಮಲ್ ಬರೋಕಿಂತ ಮೊದಲು ದಿಬ್ಬ ಇರಬಾರದು ಸರ್" ಅಂದ. ಅದೇ ಬೇಕಾಗಿತ್ತು ನನಗೆ. ಅವನ ಉತ್ತರ "ಇರಬೇಕು" ಅಲ್ಲ, "ಇರಬಾರದು" ಅನ್ನುವುದನ್ನು ಗಮನಿಸಿ. ಮರುದಿನ ಆ ಹುಡುಗಿಯೇ ಬಂದು ಹೇಳಿದಳು: ಅವಳ ತಾತ ಹುಡುಗನಾಗಿದ್ದಾಗಲೇ ಆ ದಿಬ್ಬದ ಸುತ್ತ ಎಮ್ಮೆ ಮೇಯಿಸುತ್ತಿದ್ದರಂತೆ. ಆಗ ಥರ್ಮಲ್ ಎಲ್ಲಿತ್ತು? ಊಹೆ ಬಿದ್ದುಹೋಯಿತು. ಬೀಳಿಸಿದ್ದು ಅವಳೇ. ತಾತನ ಮಾತು ಸಾಲದು ಅನ್ನುವವರಿಗೆ ಇನ್ನೊಂದು ಆಧಾರ ಇದೆ. ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1843ರಲ್ಲೇ ನಮ್ಮ ಭಾಗದ ಬೂದಿ ದಿಬ್ಬಗಳ ಬಗ್ಗೆ ಲೇಖನ ಪ್ರಕಟಿಸಿದ್ದರು.

ತರ್ಕ ಅಂದರೆ ಮಾತಿನಲ್ಲಿ ಎದುರಿನವರನ್ನು ಸೋಲಿಸುವ ವಿದ್ಯೆ ಅಂತ ಬಹಳ ಜನ ತಿಳಿದಿದ್ದಾರೆ. ಕಟ್ಟೆ ಮೇಲಿನ ಜಗಳದಲ್ಲಿ "ಲಾಜಿಕ್ ಇಲ್ಲ ನಿನ್ನ ಮಾತಿಗೆ" ಅನ್ನುತ್ತಾರಲ್ಲ, ಹಾಗೆ. ನನ್ನ ಮಟ್ಟಿಗೆ ತರ್ಕ ಮೊದಲು ನಮ್ಮ ಸ್ವಂತ ಊಹೆಯ ಮೇಲೆ ಪ್ರಯೋಗ ಮಾಡಬೇಕಾದ ಉಪಕರಣ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಅಪ್ಪನ ಗದ್ದೆಯಲ್ಲಿ ಕಲಿತೆ.

ನಮ್ಮೂರು ಕಾರಟಗಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಸೋನಾ ಮಸೂರಿ ಭತ್ತ. ನಾನು ಕಾಲೇಜಿನಲ್ಲಿದ್ದಾಗ ಒಂದು ಸಲ ನಾಟಿ ಮಾಡಿ ಮೂರು ವಾರ ಆಗಿತ್ತು. ಪೈರು ಹಳದಿ ತಿರುಗಿತು. ಅಪ್ಪ ಗೊಬ್ಬರದ ಅಂಗಡಿಗೆ ಹೋಗಿ ಕೇಳಿದರು. ಅಂಗಡಿಯವರು ಎಲೆ ನೋಡಲೂ ಇಲ್ಲ, "ಯೂರಿಯಾ ಕಡಿಮೆ ಆಗೈತಿ, ಹಾಕ್ರಿ" ಅಂದರು. ಹಾಕಿದೆವು. ಹತ್ತು ದಿನ ಕಾದೆವು. ಏನೂ ಬದಲಾಗಲಿಲ್ಲ. ಮತ್ತೆ ಹೋದರೆ, "ಸಾಲಂಗಿಲ್ಲ, ಇನ್ನೊಂದು ಚೀಲ ಹಾಕ್ರಿ" ಅಂದರು. ಅವರ ಮಾತನ್ನು ಬಿಡಿಸಿ ಬರೆದರೆ ಹೀಗಿರುತ್ತದೆ: ಸಾರಜನಕ ಕಡಿಮೆಯಾದರೆ ಎಲೆ ಹಳದಿ ಆಗುತ್ತದೆ. ನಿಮ್ಮ ಎಲೆ ಹಳದಿ ಆಗಿದೆ. ಆದ್ದರಿಂದ ಸಾರಜನಕ ಕಡಿಮೆ ಆಗಿದೆ.

ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಮೊದಲ ಮಾತು ನಿಜ, ಎರಡನೆಯದೂ ನಿಜ. ಆದರೂ ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಅದೇ ಅಚ್ಚಿನಲ್ಲಿ ಇನ್ನೊಂದು ಹೇಳುತ್ತೇನೆ. ಕಾಲುವೆಗೆ ನೀರು ಬಿಟ್ಟರೆ ಗದ್ದೆ ತುಂಬುತ್ತದೆ. ಗದ್ದೆ ತುಂಬಿದೆ. ಆದ್ದರಿಂದ ಕಾಲುವೆಗೆ ನೀರು ಬಿಟ್ಟಿದ್ದಾರೆ. ಇಲ್ಲಿ ತಪ್ಪು ಕೂಡಲೇ ಹೊಳೆಯುತ್ತದೆ. ರಾತ್ರಿ ಮಳೆ ಬಂದಿರಬಹುದು. ಮೇಲಿನ ಗದ್ದೆಯ ಬದು ಒಡೆದಿರಬಹುದು. ಒಂದು ಕಾರಣದಿಂದ ಆಗುವ ಪರಿಣಾಮ ಬೇರೆ ಹತ್ತು ಕಾರಣದಿಂದಲೂ ಆಗಬಹುದು. ಪರಿಣಾಮ ಕಂಡ ಮಾತ್ರಕ್ಕೆ ನಮಗೆ ಬೇಕಾದ ಕಾರಣವನ್ನು ಹಿಡಿದುಕೊಳ್ಳುವಂತಿಲ್ಲ.

ಕೊನೆಗೆ ಅಪ್ಪ ಒಬ್ಬ ಕೃಷಿ ಅಧಿಕಾರಿಯನ್ನು ಗದ್ದೆಗೇ ಕರೆದುಕೊಂಡು ಬಂದರು. ಅವರು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಬುಡ ಕಿತ್ತು ಕೈಯಲ್ಲಿ ಹಿಡಿದು, ಏನೂ ಹೇಳದೆ, ಬರೀ ಪ್ರಶ್ನೆ ಕೇಳುತ್ತಾ ಹೋದರು. ಎಲೆ ಒಂದೇ ಸಮ ಹಳದಿಯೋ, ತುಕ್ಕಿನ ಬಣ್ಣದ ಚುಕ್ಕೆ ಇವೆಯೋ? ಗದ್ದೆಯೆಲ್ಲ ಹೀಗೋ, ಅಲ್ಲಲ್ಲಿ ಹೀಗೋ? ಯೂರಿಯಾ ಹಾಕಿ ಎಷ್ಟು ದಿನ ಆಯಿತು? ಆಮೇಲೆ ಅಪ್ಪನಿಗೆ ಬಿಡಿಸಿ ಹೇಳಿದರು: "ಯಜಮಾನ್ರೇ, ಸಾರಜನಕ ಕಡಿಮೆ ಆಗಿದ್ರ ಹಳೇ ಎಲೆ ಒಂದೇ ಸಮ ಹಳದಿ ಆಗ್ತಿತ್ತು, ಚುಕ್ಕೆ ಇರ್ತಿರಲಿಲ್ಲ. ಯೂರಿಯಾ ಹಾಕಿದ ವಾರಕ್ಕ ಹಸಿರು ತಿರುಗಬೇಕಿತ್ತು. ಎರಡೂ ಆಗಿಲ್ಲ. ಅಂದ್ರ ಅದಲ್ಲ."

ಆ "ಅಂದ್ರ ಅದಲ್ಲ" ಅನ್ನುವ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅಂಗಡಿಯವರ ದಾರಿ ಹೊಂದಿಕೆಯಾದದ್ದನ್ನು ಹುಡುಕುವ ದಾರಿ. ಇವರದ್ದು ಹೊಂದಿಕೆಯಾಗದ್ದನ್ನು ಹುಡುಕುವ ದಾರಿ. "ಅ ಇದ್ದರೆ ಆ ಇರಬೇಕು, ಆದರೆ ಆ ಇಲ್ಲ, ಆದ್ದರಿಂದ ಅ ಇಲ್ಲ" ಅನ್ನುವ ಅಚ್ಚು ಗಟ್ಟಿ. ಅದನ್ನು ಅಲ್ಲಾಡಿಸಲು ಆಗುವುದಿಲ್ಲ.

ಅವರ ಅನುಮಾನ ಇದ್ದದ್ದು ಸತುವಿನ ಮೇಲೆ, ನಾವು ಜಿಂಕ್ ಅನ್ನುತ್ತೇವಲ್ಲ ಅದು. ಕ್ಷಾರ ಜಾಸ್ತಿ ಇರುವ ಮಣ್ಣಿನಲ್ಲಿ, ಅದರಲ್ಲೂ ನೀರು ನಿಂತ ಗದ್ದೆಯಲ್ಲಿ, ಸತು ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಉತ್ತರದ ಪಂತನಗರದ ಕಡೆ ಇದೇ ತರಹದ ಕಾಯಿಲೆಗೆ ಖೈರಾ ಅನ್ನುತ್ತಾರೆ. ಅದು ರೋಗಾಣುವಿನಿಂದ ಬಂದದ್ದಲ್ಲ, ಸತುವಿನ ಕೊರತೆ ಅಂತ 1966ರಲ್ಲಿ ತೋರಿಸಿದವರು ನೆನೆ ಎಂಬ ಸಸ್ಯರೋಗ ವಿಜ್ಞಾನಿ. ರೋಗ ಹುಡುಕುವುದೇ ಕೆಲಸವಾಗಿರುವ ಮನುಷ್ಯ "ಇದು ನನ್ನ ಕಡೆಯದ್ದಲ್ಲ" ಅಂತ ಕಂಡುಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೆ ಅಧಿಕಾರಿ ತಮ್ಮ ಊಹೆಯನ್ನೂ ಸುಮ್ನೆ ನಂಬಲಿಲ್ಲ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದರ ಅರ್ಧದಷ್ಟು ಸುಣ್ಣ ಕಲಸಿ ಸಿಂಪಡಿಸಲು ಹೇಳಿ, "ಒಂದು ಮಡಿ ಹಂಗೇ ಬಿಡ್ರಿ, ಅದಕ್ಕೆ ಹೊಡೀಬ್ಯಾಡ್ರಿ" ಅಂದರು. ಅಪ್ಪನಿಗೆ ಅರ್ಥವಾಗಲಿಲ್ಲ. ಔಷಧ ಇದ್ದೂ ಒಂದು ಮಡಿ ಯಾಕೆ ಬಿಡಬೇಕು? "ಬಿಡದಿದ್ರ, ಮುಂದ ಹಸಿರಾದಾಗ ಇದರಿಂದ ಆತೋ ತಾನಾಗೇ ಆತೋ ನಮಗೂ ಗೊತ್ತಾಗಂಗಿಲ್ಲ" ಅಂದರು. ಹೊಡೆದ ಗದ್ದೆ ತಿರುಗಿತು. ಬಿಟ್ಟ ಮಡಿ ಹಳದಿಯಾಗೇ ಉಳಿಯಿತು, ಆಮೇಲೆ ಅದಕ್ಕೂ ಹೊಡೆದೆವು. ಎರಡು ಮಡಿಗಳ ನಡುವಿನ ಬದುವಿನ ಮೇಲೆ ನಿಂತು ಆಚೆ ಹಸಿರು ಈಚೆ ಹಳದಿ ನೋಡಿದ ಆ ಬೆಳಗ್ಗೆ ನನಗೆ ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿತು. ಬಿ.ಎಸ್ಸಿ. ಡಿಗ್ರಿ ಆಮೇಲೆ ಬಂತು.

ಬೂದಿ ದಿಬ್ಬಕ್ಕೆ ವಾಪಸ್ ಬರುತ್ತೇನೆ.

ಬಳ್ಳಾರಿ, ರಾಯಚೂರು ಸುತ್ತಮುತ್ತ ಇಂಥ ದಿಬ್ಬಗಳು ಒಂದೆರಡಲ್ಲ. ಹಂಪಿ ಹತ್ತಿರದ ನಿಂಬಾಪುರದ್ದನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ನಾನು ಆ ಕತೆಯನ್ನು ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದವನು, ಅದರ ಮೇಲೆ ನನಗೆ ಪ್ರೀತಿ ಇದೆ. ಆದರೆ ಆ ಕತೆಗೆ "ಹಾಗಿದ್ದರೆ ಮತ್ತೇನಿರಬೇಕು" ಅಂತ ಕೇಳಲು ಆಗುವುದಿಲ್ಲ. ದಿಬ್ಬದಲ್ಲಿ ಏನು ಸಿಕ್ಕರೂ ಕತೆ ಹಾಗೇ ಉಳಿಯುತ್ತದೆ. ಕತೆಯ ಕೆಲಸವೇ ಬೇರೆ.

ಹಳಬರು ಮಾಡಿದ ಉಳಿದ ಊಹೆಗಳನ್ನು ಮಕ್ಕಳ ಮುಂದೆ ಒಂದೊಂದಾಗಿ ಇಟ್ಟೆ. ಜ್ವಾಲಾಮುಖಿಯ ಬೂದಿ ಇರಬಹುದೇ? ಹಾಗಿದ್ದರೆ ಹತ್ತಿರ ಜ್ವಾಲಾಮುಖಿಯ ಬಾಯಿ, ಹೊಸ ಲಾವಾ ಇರಬೇಕು. ನಮ್ಮ ಸುತ್ತ ಇರುವುದು ನೂರಾರು ಕೋಟಿ ವರ್ಷ ಹಳೆಯ ಗ್ರಾನೈಟ್ ಬೆಟ್ಟಗಳು. ಬೂದಿಯೊಳಗೆ ಸಿಗುವುದು ಮಡಕೆ ಚೂರು, ಕಲ್ಲಿನ ಕೊಡಲಿ, ಮೂಳೆ. ಅದಲ್ಲ. ದೊಡ್ಡ ಯುದ್ಧದ ಹೆಣ ಸುಟ್ಟಿರಬಹುದೇ? ಹಾಗಿದ್ದರೆ ಮನುಷ್ಯರ ಮೂಳೆ ರಾಶಿ ರಾಶಿ ಸಿಗಬೇಕು. ಸಿಕ್ಕ ಮೂಳೆಗಳಲ್ಲಿ ಜಾಸ್ತಿ ದನದವು. ಅದೂ ಅಲ್ಲ.

ಕಬ್ಬಿಣ ಕರಗಿಸಿದ ಕಸ ಇರಬಹುದೇ? ಈ ಊಹೆಯನ್ನು ಮಕ್ಕಳು ಬಿಡಲು ತಯಾರಿರಲಿಲ್ಲ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನೋಡಿ ಬೆಳೆದ ಮಕ್ಕಳು, ಅವರಿಗೆ ಇದು ಸಹಜ. ದಿಬ್ಬದಲ್ಲಿ ಗಾಜಿನಂತೆ ಕರಗಿ ಗಟ್ಟಿಯಾದ ಉಂಡೆಗಳೂ ಇವೆ, ನೋಡಲು ಕುಲುಮೆಯ ಕಿಟ್ಟದ ಹಾಗೇ ಕಾಣುತ್ತವೆ. ಆದರೆ ಕಬ್ಬಿಣದ ಕಿಟ್ಟ ಭಾರ ಇರುತ್ತದೆ. ಇವು ಒಳಗೆಲ್ಲ ಗುಳ್ಳೆ ಗುಳ್ಳೆ, ಹಗುರ. ಅದಕ್ಕಿಂತ ದೊಡ್ಡ ಅಡ್ಡಿ ಕಾಲದ್ದು. ಈ ದಿಬ್ಬಗಳು ಕಲ್ಲಿನ ಕೊಡಲಿಯ ಕಾಲದವು, ಕಬ್ಬಿಣ ಇಲ್ಲಿಗೆ ಬಂದದ್ದು ಆಮೇಲೆ.

ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 19ನೇ ಶತಮಾನದಲ್ಲೇ ಇದು ದನದ ಸಗಣಿ ಸುಟ್ಟ ಬೂದಿ ಅಂದಿದ್ದರು. ಬಹಳ ಜನಕ್ಕೆ ಒಪ್ಪಿಗೆಯಾಗಲಿಲ್ಲ. ಇಷ್ಟು ದೊಡ್ಡ ದಿಬ್ಬ, ಸಗಣಿಯಿಂದ? ಸಗಣಿ ಸುಟ್ಟರೆ ಗಾಜು ಎಲ್ಲಿಂದ ಬಂತು? ಆದರೆ ಈ ಊಹೆಗೂ ಅದೇ ಪ್ರಶ್ನೆ ಹಾಕಿ ನೋಡಿ. ಸಗಣಿ ಆಗಿದ್ದರೆ ಅದರಲ್ಲಿ ಹುಲ್ಲಿನ ಗುರುತು ಇರಬೇಕು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ಕಾವು ಜೋರಾದರೆ ಅದು ಬೂದಿಯ ಕ್ಷಾರದ ಜೊತೆ ಸೇರಿ ಕರಗಿ ಗಾಜಾಗುತ್ತದೆ. ಝಾಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ದಿಬ್ಬಗಳ ಮಾದರಿಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಇದು ಸಗಣಿ ಬೂದಿಯೇ ಅಂತ ತೋರಿಸಿದರು, 1960ರ ಹೊತ್ತಿಗೆ ಅದು ಪ್ರಕಟವಾಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಅಷ್ಟು ಸಗಣಿ ಒಂದೇ ಕಡೆ ಬಿದ್ದಿದ್ದರೆ ಅಲ್ಲಿ ದನ ಕೂಡಿಹಾಕುವ ದೊಡ್ಡಿ ಇರಬೇಕು. ದೊಡ್ಡಿ ಇದ್ದರೆ ಬೇಲಿ ಇರಬೇಕು. ದನ ನಿಂತಿದ್ದರೆ ಗೊರಸಿನ ಗುರುತು ಇರಬೇಕು. ಈಗಿನ ತೆಲಂಗಾಣದ ಉತ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವ ವಿಜ್ಞಾನಿ ಅಗೆದಾಗ ಬೇಲಿಕಂಬದ ಗುಂಡಿಗಳೂ ಸಿಕ್ಕವು, ಗೊರಸಿನ ಗುರುತುಗಳೂ ಸಿಕ್ಕವು. ಸಾವಿರಾರು ವರ್ಷಗಳ ಹಿಂದೆ ಹಸಿ ನೆಲದ ಮೇಲೆ ಒಂದು ಹಸು ಇಟ್ಟ ಹೆಜ್ಜೆ! ಅದನ್ನು ಹೇಳುವಾಗ ಕ್ಲಾಸಿನಲ್ಲಿ ಒಂದು ಸದ್ದಿಲ್ಲ.

ಇಲ್ಲಿ ಒಬ್ಬ ಹುಡುಗ ಸರಿಯಾದ ಆಕ್ಷೇಪ ತೆಗೆದ. "ಸರ್, ಮೊದಲು ನೀವೇ ಹೇಳಿದ್ರಿ, ಹೊಂದಿಕೆ ಆದ್ರ ಸಾಲಂಗಿಲ್ಲ ಅಂತ. ಈಗ ಗೊರಸು ಸಿಕ್ತು, ಅದಕ್ಕ ದೊಡ್ಡಿ ಅಂತೀರಿ. ಅದೂ ಹೊಂದಿಕೆನೇ ಅಲ್ವಾ?" ಹೌದು. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಗೊರಸಿನ ಗುರುತು ಸಗಣಿ ಊಹೆಯನ್ನು ಅಂಗಡಿಯವರ ಯೂರಿಯಾ ಅಚ್ಚಿನಲ್ಲೇ ಬೆಂಬಲಿಸುತ್ತದೆ, ಗಣಿತದ ಸಾಧನೆಯ ಹಾಗೆ ಕಟ್ಟಿಹಾಕುವುದಿಲ್ಲ. ವ್ಯತ್ಯಾಸ ಎಲ್ಲಿದೆ ಅಂದರೆ, ಉಳಿದ ಯಾವ ಊಹೆಯೂ ಗೊರಸನ್ನು ನಿರೀಕ್ಷಿಸುವುದಿಲ್ಲ. ಜ್ವಾಲಾಮುಖಿಗೆ ಗೊರಸು ಬೇಕಿಲ್ಲ, ಕುಲುಮೆಗೆ ಬೇಕಿಲ್ಲ. ಎಲೆ ಹಳದಿಯಾಗುವುದನ್ನು ಹತ್ತು ಕಾರಣಗಳೂ ನಿರೀಕ್ಷಿಸುತ್ತವೆ, ಹಾಗಾಗಿ ಅದರಿಂದ ತಿಳಿಯುವುದು ಕಡಿಮೆ. ಸೋಲಬಹುದಾದ ಜಾಗಕ್ಕೆ ಹೋಗಿ ಸೋಲದೆ ಬಂದ ಊಹೆಯ ಮೇಲೆ ನಂಬಿಕೆ ಜಾಸ್ತಿ ಇಡುತ್ತೇವೆ. ನಂಬಿಕೆ ಅನ್ನುವ ಪದವನ್ನೇ ಬಳಸಿದೆ ಅವತ್ತು.

ನಮ್ಮ ನೈಯಾಯಿಕರು, ಅಂದರೆ ಹಳೆಯ ತರ್ಕಶಾಸ್ತ್ರದ ಪಂಡಿತರು, ಇದೇ ಜಾಗದಲ್ಲಿ ಬಹಳ ಹೊತ್ತು ನಿಂತು ಯೋಚಿಸಿದ್ದಾರೆ. ಬೆಟ್ಟದ ಮೇಲೆ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಉದಾಹರಣೆ ಎಲ್ಲರೂ ಕೇಳಿರುತ್ತಾರೆ. ಅವರು ಕೆರೆಯನ್ನೂ ತರುತ್ತಾರೆ: ಕೆರೆಯಲ್ಲಿ ಬೆಂಕಿ ಇಲ್ಲ, ಹೊಗೆಯೂ ಇಲ್ಲ. ಅಂದರೆ ಸಿಂಪಡಿಸದೆ ಬಿಟ್ಟ ಮಡಿ ಅವರಿಗೂ ಬೇಕಾಗಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನದು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ? ಇಲ್ಲ ಅನ್ನುತ್ತಾರೆ ಅವರು, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ, ಬೆಂಕಿ ಇದೆ, ಹೊಗೆ ಇಲ್ಲ. ಹಾಗಾದರೆ ಒಲೆಯಲ್ಲಿ ಹೊಗೆ ಯಾಕೆ ಬರುತ್ತದೆ? ಕಟ್ಟಿಗೆ ಹಸಿ ಇರುವುದರಿಂದ. ಈ ಒಳಗೆ ಅಡಗಿದ ಷರತ್ತಿಗೆ ಅವರು ಉಪಾಧಿ ಅನ್ನುತ್ತಾರೆ. ಮಳೆಗಾಲದಲ್ಲಿ ಹಸಿ ಬಳ್ಳಾರಿ ಜಾಲಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡ ನಮ್ಮವ್ವನಿಗೆ ಉಪಾಧಿ ಅನ್ನುವ ಪದ ಗೊತ್ತಿರಲಿಲ್ಲ, ಆದರೆ ಹೊಗೆ ಬೆಂಕಿಯಿಂದಲ್ಲ, ಹಸಿಯಿಂದ ಅಂತ ಚೆನ್ನಾಗಿ ಗೊತ್ತಿತ್ತು.

ಈ ಅಡಗಿದ ಷರತ್ತು "ಅಂದ್ರ ಅದಲ್ಲ" ಅನ್ನುವ ಗಟ್ಟಿ ಅಚ್ಚಿಗೂ ತೊಂದರೆ ಕೊಡುತ್ತದೆ. ಕಾಲುವೆಗೆ ನೀರು ಬಿಟ್ಟರೆ ಗದ್ದೆಗೆ ನೀರು ಬರುತ್ತದೆ. ಗದ್ದೆಗೆ ನೀರು ಬಂದಿಲ್ಲ. ಆದ್ದರಿಂದ ಬಿಟ್ಟಿಲ್ಲ. ಅಚ್ಚು ಸರಿ ಇದೆ. ಆದರೆ ಕಾಲುವೆಯ ಕೊನೆ ಭಾಗದ ಯಾವ ರೈತರನ್ನಾದರೂ ಕೇಳಿ, ಮಾನ್ವಿ ಕಡೆಯವರನ್ನು ಕೇಳಿ. ಡ್ಯಾಮಿನಿಂದ ನೀರು ಬಿಟ್ಟಿರುತ್ತಾರೆ, ಮೇಲಿನವರೇ ಎತ್ತಿಕೊಂಡಿರುತ್ತಾರೆ, ಇಲ್ಲಾ ತೂಬಿನಲ್ಲಿ ಕಸ ಸಿಕ್ಕಿರುತ್ತದೆ. ಮೊದಲ ವಾಕ್ಯದೊಳಗೇ "ನಡುವೆ ಎಲ್ಲಾ ಸರಿ ಇದ್ದರೆ" ಅನ್ನುವುದು ಅಡಗಿತ್ತು. ನಾವು ಅದನ್ನು ಬರೆದಿರಲಿಲ್ಲ.

ದೊಡ್ಡ ವಿಜ್ಞಾನದಲ್ಲೂ ಹೀಗೇ ಆಗಿದೆ. ಯುರೇನಸ್ ಗ್ರಹ ನ್ಯೂಟನ್ ಲೆಕ್ಕದ ಪ್ರಕಾರ ನಡೆಯುತ್ತಿರಲಿಲ್ಲ. ನ್ಯೂಟನ್ ತಪ್ಪು ಅನ್ನುವ ಬದಲು ಫ್ರಾನ್ಸಿನ ಖಗೋಳ ವಿಜ್ಞಾನಿ ಲೆ ವೆರಿಯೇ, ತೂಬಿನಲ್ಲಿ ಏನೋ ಸಿಕ್ಕಿಕೊಂಡಿರಬೇಕು, ಅಂದರೆ ನಮಗೆ ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಅಂತ ಅದರ ಜಾಗವನ್ನೇ ಲೆಕ್ಕ ಹಾಕಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ಎಂಬ ಖಗೋಳ ವಿಜ್ಞಾನಿ ದೂರದರ್ಶಕ ತಿರುಗಿಸಿದರೆ ಲೆಕ್ಕದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಅದೇ ಲೆ ವೆರಿಯೇ ಆಮೇಲೆ ಬುಧ ಗ್ರಹದ ನಡಿಗೆಯಲ್ಲಿ ಸಣ್ಣ ವ್ಯತ್ಯಾಸ ಕಂಡು, ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಅಂದರು. ಅದಕ್ಕೆ ವಲ್ಕನ್ ಅಂತ ಹೆಸರೂ ಬಂತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಈ ಸಲ ತೂಬು ಸರಿ ಇತ್ತು, ಕಾಲುವೆಯ ನಕ್ಷೆಯೇ, ಅಂದರೆ ನ್ಯೂಟನ್ ಲೆಕ್ಕವೇ, ಬದಲಾಗಬೇಕಿತ್ತು. 1915ರಲ್ಲಿ ಐನ್‌ಸ್ಟೈನ್ ಅದನ್ನು ಬದಲಾಯಿಸಿದರು. ಒಬ್ಬನೇ ಮನುಷ್ಯ, ಒಂದೇ ರೀತಿಯ ತರ್ಕ, ಒಮ್ಮೆ ಗೆದ್ದ, ಒಮ್ಮೆ ಸೋತ. ತೂಬು ನೋಡಬೇಕೋ ನಕ್ಷೆ ನೋಡಬೇಕೋ ಅನ್ನುವುದನ್ನು ತರ್ಕ ತಾನೇ ಹೇಳುವುದಿಲ್ಲ. ಎದ್ದು ಹೋಗಿ ಎರಡನ್ನೂ ನೋಡಬೇಕು.

ಅದಕ್ಕೇ ಮಕ್ಕಳನ್ನು ಒಂದು ಭಾನುವಾರ ದಿಬ್ಬಕ್ಕೆ ಕರೆದುಕೊಂಡು ಹೋದೆ. ಯಾರೂ ಒಂದು ಚೂರೂ ಜೇಬಿಗೆ ಹಾಕಿಕೊಳ್ಳಬಾರದು ಅಂತ ಮೊದಲೇ ಹೇಳಿದ್ದೆ. ನಮ್ಮ ಭಾಗದಲ್ಲಿ ಈ ಬೂದಿಯನ್ನು ಗೊಬ್ಬರ ಅಂತ ಗಾಡಿಗಟ್ಟಲೆ ಹೊಲಕ್ಕೆ ಹೊಡೆದು ಎಷ್ಟೋ ದಿಬ್ಬಗಳು ಕರಗಿಹೋಗಿವೆ. ಇದು ನನಗೆ ಬಹಳ ನೋವಿನ ವಿಷಯ. ರೈತನ ಮಗನಾಗಿ ಬೂದಿಯ ಬೆಲೆ ನನಗೆ ಗೊತ್ತು. ಆದರೆ ಒಂದೊಂದು ಗಾಡಿಯ ಜೊತೆ ನಾವು ಕೇಳಬಹುದಾಗಿದ್ದ ಪ್ರಶ್ನೆಗಳೂ ಹೋಗುತ್ತವೆ. ಕೇಳಲು ಇನ್ನೂ ಬಾಕಿ ಇದೆ. ಸಗಣಿ ಅನ್ನುವುದು ತೀರ್ಮಾನವಾಯಿತು, ಯಾಕೆ ಸುಟ್ಟರು ಅನ್ನುವುದು ಆಗಿಲ್ಲ. ಗೊಬ್ಬರಕ್ಕೋ ಒಲೆಗೋ ಬರುವ ವಸ್ತುವನ್ನು ಇಷ್ಟು ಇಷ್ಟು ಸುಟ್ಟದ್ದು ಹಬ್ಬಕ್ಕೆ ಇರಬಹುದು ಅಂತ ಆಲ್ಚಿನ್ ಯೋಚಿಸಿದ್ದರು. ಮೈಸೂರು, ಮಂಡ್ಯ ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥ ಯಾವುದೋ ಆಚರಣೆ. ದೊಡ್ಡಿ ಚೊಕ್ಕ ಮಾಡಲು, ರೋಗ ಬಂದಾಗ ಸುಟ್ಟಿರಬಹುದು ಅನ್ನುವವರೂ ಇದ್ದಾರೆ.

ದಿಬ್ಬದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದಾಗ, ಥರ್ಮಲ್ ಬೂದಿ ಅಂದಿದ್ದ ಆ ಹುಡುಗಿ ನನ್ನ ಹತ್ತಿರ ಬಂದಳು.

"ಸರ್, ವರ್ಷಾ ವರ್ಷಾ ಹಬ್ಬಕ್ಕ ಸುಟ್ಟಿದ್ರ ಎಲ್ಲಾ ಪದರ ಹೆಚ್ಚು ಕಮ್ಮಿ ಒಂದೇ ದಪ್ಪ ಇರಬೇಕಲ್ವಾ? ರೋಗ ಬಂದಾಗ ಮಾತ್ರ ಸುಟ್ಟಿದ್ರ ಒಂದು ದಪ್ಪ, ಒಂದು ತೆಳ್ಳಗ ಇರಬೇಕು."

ಬಹಳ ಒಳ್ಳೆಯ ಯೋಚನೆ ಅಂದೆ. ಅವಳು ಖುಷಿಯಿಂದ ಹೊರಟು ನಾಲ್ಕು ಹೆಜ್ಜೆ ಹೋಗಿ ನಿಂತಳು. ಮತ್ತೆ ವಾಪಸ್ ಬಂದಳು.

"ಆದ್ರ ಸರ್, ಬರಗಾಲ ಬಂದ ವರ್ಷ ದನಾನೇ ಕಡಿಮೆ ಇರತಾವಲ್ಲ. ಆಗ ಹಬ್ಬ ಮಾಡಿದ್ರೂ ಪದರ ತೆಳ್ಳಗೇ ಬರತೈತಿ."

ನೋಟ್‌ಬುಕ್ ತೆಗೆದು ಎರಡನ್ನೂ ಬರೆದುಕೊಂಡಳು. ಬರ ಬಂದಿತ್ತೋ ಇಲ್ಲವೋ ಅನ್ನುವುದನ್ನು ಬೂದಿಯನ್ನು ಬಿಟ್ಟು ಬೇರೆ ಎಲ್ಲಿ ನೋಡಬಹುದು ಅಂತ ಬಸ್ಸಿನಲ್ಲಿ ಬಳ್ಳಾರಿ ಮುಟ್ಟುವವರೆಗೂ ಕೇಳುತ್ತಲೇ ಇದ್ದಳು.